ಆರನೆಯ ಸ್ವಿಚ್ಚು

ಪರದೆಯ ಮೇಲಿದ್ದ ಆರು ಸ್ವಿಚ್ಚುಗಳೂ ಹಸಿರಾಗಿದ್ದವು. ಕೊನೆಯದು ಬೂದು ಬಣ್ಣದಲ್ಲಿರಬೇಕಿತ್ತು. ಅದರ ಪಕ್ಕಕ್ಕೇ ಗಾಜಿನ ಮೇಲೆ ಹಚ್ಚಿದ್ದ ಕುಂಕುಮ ಒಣಗಿ, ಅಂಚಿನಿಂದ ಸಣ್ಣಗೆ ಉದುರಿ, ಕೀಬೋರ್ಡಿನ ಸಂದುಗಳಿಗೆ ಇಳಿದಿತ್ತು.

ವಿಜಯದಶಮಿಯ ಬೆಳಿಗ್ಗೆ ಅದು. ತಿ. ನರಸೀಪುರದ ಚಿಕ್ಕಪ್ಪನ ಅಂಗಡಿಯಲ್ಲಿ ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ಚಿಕ್ಕಪ್ಪನದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಮುಂದೆ ಮೇಜು ಮತ್ತು ಕಂಪ್ಯೂಟರು, ಹಿಂದೆ ಶೀಟು ಹೊದಿಸಿದ ಉದ್ದನೆಯ ಗೋದಾಮು, ಅದರಾಚೆ ಕೊಪ್ಪರಿಗೆಗಳನ್ನು ತೊಳೆದು ಬೋರಲು ಹಾಕುವ ಹಿತ್ತಲು. ಮದುವೆ, ನಾಮಕರಣ, ಗೃಹಪ್ರವೇಶ, ಸಾವು, ಯಾವುದಕ್ಕಾದರೂ ಸುತ್ತಲಿನ ಹಳ್ಳಿಗಳವರು ಇಲ್ಲಿಗೇ ಬರುತ್ತಾರೆ.

ನಾನಿರುವುದು ನಂಜನಗೂಡಿನಲ್ಲಿ, ಅಮ್ಮನ ಜೊತೆ. ಹಬ್ಬಕ್ಕೆಂದು ಇಲ್ಲಿಗೆ ಬಂದಿದ್ದೆ. ಎಂಎಸ್ಸಿ ಮುಗಿಸಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್ ಕೆಲಸ’ ಎಂದು ಮುಗಿಸುತ್ತೇನೆ. ವಿವರಿಸಲು ಬರುವುದಿಲ್ಲ ಎಂದಲ್ಲ. ಕೇಳಿದವರ ಮುಖದಲ್ಲಿ ಅರ್ಧಕ್ಕೇ ಬರುವ ದಣಿವನ್ನು ನೋಡಲಾಗುವುದಿಲ್ಲ. ಆದರೆ ಇಲ್ಲಿ ಸ್ವಲ್ಪ ವಿವರಿಸಲೇಬೇಕು.

ಈಗ ಎಲ್ಲರೂ ಬಳಸುವ ಎಐ ಸಹಾಯಕ ಇದೆಯಲ್ಲ, ಅದು ತಾನಾಗಿ ಮಾತು ಮಾತ್ರ ಆಡಬಲ್ಲದು. ಗೋದಾಮಿನಲ್ಲಿ ಎಷ್ಟು ಕುರ್ಚಿಗಳಿವೆ, ಯಾವ ದಿನ ಯಾರ ಮನೆಗೆ ಕೊಪ್ಪರಿಗೆ ಹೋಗಬೇಕು ಎಂಬುದು ಅದಕ್ಕೆ ಕಾಣುವುದಿಲ್ಲ. ಕಾಣಬೇಕಾದರೆ ಒಂದೊಂದಕ್ಕೂ ಒಂದೊಂದು ಪುಟ್ಟ ಪ್ರೋಗ್ರಾಂ ಜೋಡಿಸಬೇಕು. ಅವಕ್ಕೆ ಸರ್ವರ್ ಎನ್ನುತ್ತಾರೆ. ಯಾವ ಯಾವ ಸರ್ವರ್ ಬೇಕು ಎಂಬುದನ್ನು ಒಂದು ಫೈಲಿನಲ್ಲಿ ಬರೆದಿಡಬೇಕು. ಆ ಫೈಲಿನ ತುಂಬ ಆವರಣಗಳು, ಉದ್ಧರಣ ಚಿಹ್ನೆಗಳು, ಅಲ್ಪವಿರಾಮಗಳು. ಒಂದು ಅಲ್ಪವಿರಾಮ ತಪ್ಪಿದರೂ ಸಹಾಯಕ ಏನನ್ನೂ ಜೋಡಿಸಿಕೊಳ್ಳದೆ ಎದ್ದು ಕೂರುತ್ತದೆ, ಏಕೆಂದೂ ಹೇಳುವುದಿಲ್ಲ. ಚಿಕ್ಕಪ್ಪನಂಥವರು ಆ ಫೈಲನ್ನು ಮುಟ್ಟುವಂತಿಲ್ಲ. ಅದಕ್ಕೆಂದೇ ನಾನು ಡೆಸ್ಕ್‌ಟಾಪಿನಲ್ಲಿ ತೆರೆದುಕೊಳ್ಳುವ ಒಂದು ಸಾಧನ ಬರೆದೆ. ಒಂದು ಸರ್ವರಿಗೆ ಒಂದು ಸಾಲು, ಸಾಲಿನ ಕೊನೆಗೆ ಒಂದು ಸ್ವಿಚ್ಚು. ಹಾಕಿದರೆ ಹಸಿರು, ಆರಿಸಿದರೆ ಬೂದು. ಫೈಲನ್ನು ಅದೇ ತಿದ್ದಿಕೊಳ್ಳುತ್ತದೆ. ಇಂಟರ್‌ನೆಟ್ಟಿನಲ್ಲೂ ಹಾಕಿದ್ದೆ. ಎಲ್ಲಿಯವರೋ ಕೆಲವರು ಬಳಸುತ್ತಿದ್ದರು. ಅಮ್ಮನಿಗೆ ಅದನ್ನು ಹೇಳಿರಲಿಲ್ಲ, ಹೇಳಬಾರದೆಂದೇನೂ ಇರಲಿಲ್ಲ.

ಅಂಗಡಿಯ ಸಾಲುಗಳಿಗೆ ಚಿಕ್ಕಪ್ಪನಿಗೆ ತಿಳಿಯುವ ಹೆಸರಿಟ್ಟಿದ್ದೆ: ಸಾಮಾನು, ದಿನ, ಗಿರಾಕಿ, ಫೋಟೊ, ಮೆಸೇಜ್ ಓದು. ಆರನೆಯದು ಮೆಸೇಜ್ ಕಳಿಸು. ಇದೊಂದನ್ನು ಆರಿಸಿಯೇ ಇಟ್ಟಿದ್ದೆ. ಪಾತ್ರೆಗಳು ವಾಪಸ್ ಬಂದ ಮೇಲೆ ಗಿರಾಕಿಗೆ ಹೇಳುವ ಧನ್ಯವಾದವನ್ನು ಸಹಾಯಕ ಬರೆದಿಡುತ್ತಿತ್ತು. ಚಿಕ್ಕಪ್ಪ ಓದಿ, ಬೇಕೆನಿಸಿದ್ದನ್ನು ತಮ್ಮ ಫೋನಿನಿಂದ ಕಳಿಸುತ್ತಿದ್ದರು, ಬೇಡವೆನಿಸಿದ್ದನ್ನು ಹಾಗೇ ಬಿಡುತ್ತಿದ್ದರು. ಯಾವುದನ್ನು ಏಕೆ ಬಿಡುತ್ತಾರೆಂದು ನಾನು ಕೇಳಿರಲಿಲ್ಲ.

“ಚಿಕ್ಕಪ್ಪ, ಕೊನೇದು ಯಾಕೆ ಆನ್ ಆಗಿದೆ?”

ಅವರು ಜನರೇಟರಿಗೆ ಕಟ್ಟಿದ್ದ ಬಾಳೆಕಂದು ಬಿಚ್ಚುತ್ತಿದ್ದರು. “ನಾನೇ ಆಕ್ದೆ ಕಣ್ ಮಗ. ನಿನ್ನೆ ಪೂಜೆಗೆ ಎಲ್ಲಾನೂ ಮಲಗ್ಸಿದ್ನಲ್ಲ, ಜನರೇಟ್ರು, ಟೆಂಪೊ, ಗ್ಯಾಸ್ ಒಲೆ, ನಿನ್ ಕಂಪ್ಯೂಟ್ರಲ್ಲಿರೋ ಈ ಆಳುಗಳು. ಇವತ್ತು ಒಂದೊಂದ್ನೂ ಒಂದ್ಸಲ ಶುರು ಮಾಡ್ಬೇಕು. ಟೆಂಪೊ ಒಂದ್ ಸುತ್ತು ಓಡಿಸ್ದೆ, ಒಲೆ ಹಚ್ಚಿ ಆರಿಸ್ದೆ, ಇವನ್ನೂ ಎಬ್ಬಿಸ್ದೆ.”

“ಅದು ಮೊದಲಿಂದಲೂ ಆಫ್ ಇತ್ತು.”

“ಇತ್ತು. ಐದ್ ಜನಕ್ಕೆ ಕೆಲ್ಸ ಕೊಟ್ಟು ಒಬ್ಬನ್ನ ಮಾತ್ರ ಅಬ್ಬದ್ ದಿನ ಮೂಲೇಲಿ ಕೂರಿಸಕ್ಕಾಯ್ತದಾ?”

ಒಳಗಿನಿಂದ ಚಿಕ್ಕಮ್ಮ ಹೇಳಿದರು. “ನೀರಿನ್ ಮೋಟ್ರಿಗೂ ಬೊಟ್ಟಿಟ್ಟು ರಜ ಕೊಟ್ರು ಕಣೆ. ನನಗೊಬ್ಳಿಗೇ ಕೊಡ್ನಿಲ್ಲ.”

ನಾನು ನಗಬೇಕಿತ್ತು. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ಗಾಡಿ ಎಲ್ಲಕ್ಕೂ ಬೊಟ್ಟಿಟ್ಟು, ಮುಟ್ಟದೆ ಬಿಟ್ಟು, ಮಾರನೆಯ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಿಂದಿನ ದಿನ ಅವರು ಒಂದೊಂದೇ ಸ್ವಿಚ್ಚನ್ನು ಆರಿಸುವಾಗ ನಾನೇ ಪಕ್ಕದಲ್ಲಿ ಗಂಧದ ಬಟ್ಟಲು ಹಿಡಿದು ನಿಂತಿದ್ದೆ. ಚೆನ್ನಾಗಿದೆ ಅನಿಸಿತ್ತು. ಮತ್ತೆ ಹಾಕುವಾಗ ಯಾವುದನ್ನು ಹಾಕುತ್ತಾರೆ ಎಂಬ ಯೋಚನೆ ಬಂದಿರಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಚಿಕ್ಕಪ್ಪ ಟೈಪ್ ಮಾಡುವುದು ಒಂದೇ ಸಾಲು, ‘ಇವತ್ತಿನ ಕೆಲಸ ಶುರು ಮಾಡು.’ ಅವತ್ತೂ ಮಾಡಿದ್ದರು. ಬಾಕಿ ಏನಿದೆ ಎಂದು ಸಹಾಯಕ ನೋಡಿದೆ. ಕಳಿಸದೆ ಉಳಿದ ಧನ್ಯವಾದಗಳು ಕಂಡಿವೆ. ಕಳಿಸಲು ಈಗ ದಾರಿಯೂ ಇದೆ. ಅದು ಕಳಿಸಿಬಿಟ್ಟಿದೆ. ಪರದೆಯಲ್ಲಿ ಅದು ಬರೆದಿತ್ತು, ‘ಬಾಕಿ ಇದ್ದ ಎಲ್ಲ ಸಂದೇಶಗಳನ್ನೂ ತಲುಪಿಸಿದ್ದೇನೆ.’

ನಾನು ಆರನೆಯದನ್ನು ಆರಿಸಿದೆ. ಅಷ್ಟು ಹೊತ್ತಿಗೆ ಅಂಗಡಿಯ ಫೋನು ಬಡಿದುಕೊಳ್ಳುತ್ತಿತ್ತು.

ಮೊದಲು ಮಾಡಿದವರು ಹುಲ್ಲಹಳ್ಳಿಯ ಕಡೆಯವರು. ಮಗುವಿನ ನಾಮಕರಣಕ್ಕೆ ಕುರ್ಚಿ ಒಯ್ದಿದ್ದರು. ಚಿಕ್ಕಪ್ಪ ಸ್ಪೀಕರಿಗೆ ಹಾಕಿದರು. “ಏನ್ ಸಾ, ಮುಂದಿನ್ ಕಾರ್ಯಕ್ಕೂ ಬತ್ತೀವಿ ಅಂತ ಬರ್ದಿದೀರಿ. ಇನ್ನೊಂದ್ ಮಗು ಬೇಕು ಅಂದ್ರೆ ನನ್ ಎಂಡ್ತಿ ಕೇಳ್ಬೇಕು. ನೀವೇ ಫೋನ್ ಮಾಡಿ ಒಪ್ಪಿಸಿ.” ಚಿಕ್ಕಪ್ಪ ಹೊಟ್ಟೆ ಕುಲುಕಿಸಿ ನಕ್ಕರು. ಏನು ಬರೆದಿದೆ, ಯಾರಿಗೆ ಹೋಗಿದೆ ಎಂದು ಆಗ ಕೇಳಿದರು. ನಾನು ಪಟ್ಟಿಯನ್ನು ಓದುತ್ತ ಹೋದೆ. ಹೆಮ್ಮಿಗೆ ಎಂಬಲ್ಲಿಗೆ ಬಂದಾಗ ಅವರು ಕೈಯಲ್ಲಿದ್ದ ಬಾಳೆಕಂದನ್ನು ನೆಲಕ್ಕಿಟ್ಟರು.

“ಅದು ಸತ್ತೋರ್ ಮನೆ ಕಣ್ ಮಗ.”

ನವರಾತ್ರಿ ಶುರುವಾಗುವ ಹೊತ್ತಿಗೆ ಆ ಮನೆಯ ಯಜಮಾನರು ತೀರಿಕೊಂಡಿದ್ದರು. ಶಾಮಿಯಾನ, ಕುರ್ಚಿ ಹೋಗಿದ್ದವು, ಬಂದಿದ್ದವು. ಮಾರನೆಯ ದಿನವೇ ಹನ್ನೊಂದರ ತಿಥಿ. ಊಟದ ಪಾತ್ರೆಗಳು ಬೆಳಿಗ್ಗೆ ಇಲ್ಲಿಂದಲೇ ಹೋಗಬೇಕಿತ್ತು. ಸಂದೇಶದಲ್ಲಿದ್ದುದು ಇಷ್ಟು: ನಮ್ಮ ಸಾಮಾನು ಬಳಸಿದ್ದಕ್ಕೆ ಧನ್ಯವಾದಗಳು. ನಿಮ್ಮ ಮನೆಯ ಮುಂದಿನ ಕಾರ್ಯಕ್ಕೂ ನಮ್ಮನ್ನೇ ಕರೆಯಿರಿ. ಮತ್ತೆ ಬರುತ್ತೇವೆ.

ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ‘ಹೋಗಿ ಬರುತ್ತೇನೆ’ ಎನ್ನುವುದಿಲ್ಲ. ಹೇಳದೆ ಎದ್ದು ಬರುತ್ತಾರೆ. ಅಂಗಡಿಯಿಂದ ಕುರ್ಚಿ ತರಲು ಹೋದವರೂ ಟೆಂಪೊಗೆ ತುಂಬಿಕೊಂಡು ಮಾತಿಲ್ಲದೆ ಹೊರಡುತ್ತಾರೆ. ಇದು ನನಗೂ ಗೊತ್ತಿತ್ತು. ಗೊತ್ತಿದ್ದುದನ್ನು ಎಲ್ಲಿಯೂ ಬರೆದಿರಲಿಲ್ಲ, ಅಷ್ಟೆ.

ಹೆಮ್ಮಿಗೆಯಿಂದ ಫೋನು ಬಂದದ್ದು ಆಮೇಲೆ ಸ್ವಲ್ಪ ಹೊತ್ತಿಗೆ. ತೀರಿಕೊಂಡವರ ತಮ್ಮ ಮಾತಾಡಿದರು. ಜೋರು ಮಾಡಲಿಲ್ಲ. “ನಿಮ್ ಸಾಮಾನು ನಾಳೆ ನಮ್ ಬಾಗ್ಲಿಗೆ ಬರಕೂಡ್ದು. ಬೇರೆ ಕಡೆ ನೋಡ್ಕತೀವಿ.” ಚಿಕ್ಕಪ್ಪ “ಒಂದ್ ಮಾತು ಕೇಳಿ” ಎನ್ನುವಷ್ಟರಲ್ಲಿ ಇಟ್ಟುಬಿಟ್ಟರು.

“ಎಲ್ಲಿ ನೋಡ್ಕತಾರೆ?” ಚಿಕ್ಕಪ್ಪ ಹೇಳಿದ್ದು ನನಗಲ್ಲ, ಗೋದಾಮಿಗೆ. “ನಾಳೆ ಗೃಹಪ್ರವೇಶ ಎಷ್ಟವೆ. ಯಾರತ್ರಾನೂ ಒಂದ್ ಕೊಪ್ಪರಿಗೆ ಇರಲ್ಲ.”

ಪಾತ್ರೆಯಿಲ್ಲದಿದ್ದರೆ ಅಡುಗೆಯಿಲ್ಲ. ತಿಥಿಯ ದಿನ ಬಂದ ನೆಂಟರು, ಊರಿನವರು ಉಣ್ಣದೆ ಹೋದರೆ ಆ ಮನೆಯವರು ಅದನ್ನು ಜೀವಮಾನ ಹೊರುತ್ತಾರೆ. ಸಾವಿನ ಮನೆಗೆ ಮಾತ್ರ ಚಿಕ್ಕಪ್ಪ ಇಲ್ಲ ಎಂದವರಲ್ಲ. ಬೇರೆಯವರಿಗೆ ಒಪ್ಪಿಕೊಂಡದ್ದನ್ನು ತಪ್ಪಿಸಿಯಾದರೂ ಕಳಿಸಿದ್ದಾರೆ. ಈಗ ಕಳಿಸಲು ಎಲ್ಲವೂ ತೊಳೆದು ಬಿಸಿಲಿಗೆ ಬೋರಲು ಬಿದ್ದಿತ್ತು, ತೆಗೆದುಕೊಳ್ಳುವವರು ಬೇಡ ಎಂದಿದ್ದರು.

“ಕಳಿಸಿದ್ನ ವಾಪಸ್ ತರಕ್ಕಾಯ್ತದಾ ಮಗ?”

ನಾನು ನೋಡಿದೆ. ಓದಿದ ಗುರುತು ಬಂದಿತ್ತು. ಅಳಿಸಿದರೆ, ಏನೋ ಅಳಿಸಿದ್ದಾರೆ ಎಂಬ ಸಾಲು ಅಲ್ಲಿ ಉಳಿಯುತ್ತದೆ. ಬೇಡ ಎಂದೆ.

ಆಮೇಲಿನ ಗಂಟೆಗಳಲ್ಲಿ ನನಗೆ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ದಬರಿಗಳ ನಡುವೆ ನಿಂತೆ, ಮತ್ತೆ ಬಂದು ಮೇಜಿನ ಮುಂದೆ ಕೂತೆ, ಫೈಲು ತೆರೆದು ಓದಿದೆ, ಮುಚ್ಚಿದೆ. ನನ್ನ ಸಾಧನದಲ್ಲಿ ತಪ್ಪೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಇರಲಿಲ್ಲ. ಹಾಕು ಎಂದಾಗ ಹಾಕಿತ್ತು, ಆರಿಸು ಎಂದಾಗ ಆರಿಸಿತ್ತು. ತಪ್ಪು ಸಿಕ್ಕಿದ್ದರೆ ತಿದ್ದುತ್ತ ಕೂರಬಹುದಿತ್ತು. ಆರಿಸಿದ್ದು ಏಕೆ ಎಂದು ಹೇಳಲು ಅದರಲ್ಲಿ ಜಾಗವಿಲ್ಲ ಎಂಬುದು ಹೊಳೆಯಿತು. ಹೊಳೆದದ್ದರಿಂದ ಆ ಹೊತ್ತಿಗೆ ಯಾರಿಗೂ ಉಪಯೋಗವಿರಲಿಲ್ಲ. ಚಪ್ಪಲಿ ಹಾಕಿಕೊಂಡು ನದಿಯ ಕಡೆ ನಡೆದೆ. ಸಂಗಮದ ಹತ್ತಿರ ಹಬ್ಬದ ಜನ ಸ್ನಾನ ಮಾಡುತ್ತಿದ್ದರು. ಮೆಟ್ಟಿಲಿನವರೆಗೆ ಹೋಗದೆ ತಿರುಗಿ ಬಂದೆ. ನಂಜನಗೂಡಿಗೆ ಬಸ್ಸು ಹತ್ತಿಬಿಡಲೇ ಅನಿಸಿತು. ಬಸ್‌ಸ್ಟ್ಯಾಂಡು ದಾಟುವಾಗ ಬಸ್ಸು ನಿಂತೂ ಇತ್ತು. ಹತ್ತಲಿಲ್ಲ.

ಅಂಗಡಿಯಲ್ಲಿ ಇಬ್ಬರೂ ವಾದ ಮಾಡುತ್ತಿದ್ದರು.

“ಓಗಿ ಏನಂತೀರಿ? ಮಿಷನ್ ಬರೀತು ಅಂತೀರಾ?” ಚಿಕ್ಕಮ್ಮ ಕೇಳಿದರು. “ಕುಡ್ದವ್ರೆ ಅಂದ್ಕತಾರೆ.”

“ಏನೂ ಅನ್ನಲ್ಲ. ಓಗಿ ಕೂತ್ಕತೀನಿ.”

“ಇವ್ಳು?”

“ಇವ್ಳನ್ಯಾಕೆ, ಪಾಪ.”

ಅವರು ಇಡೀ ದಿನ ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ಅದನ್ನು ತಡೆದುಕೊಳ್ಳುವುದೇ ಹೆಚ್ಚು ಕಷ್ಟವಾಗಿತ್ತು. ನಾನೂ ಬರುತ್ತೇನೆ ಎಂದೆ. ಸ್ಕೂಟರಿನ ಹ್ಯಾಂಡಲಿನಲ್ಲಿ ಚೆಂಡುಹೂವಿನ ಹಾರ ಇನ್ನೂ ಇತ್ತು. ಚಿಕ್ಕಪ್ಪ ಅದನ್ನು ಬಿಚ್ಚಿ, ಹಣೆಯ ಮೇಲಿನ ಕುಂಕುಮ ಒರೆಸಿಕೊಂಡು, ಹೊರಟರು.

ಹೆಮ್ಮಿಗೆಯ ಆ ಮನೆಯ ಜಗಲಿಯಲ್ಲಿ ತಮ್ಮ ಕೂತಿದ್ದರು. ಮುಂದೆ ಫೋನು. ಪಾತ್ರೆಗೆಂದು ಯಾರು ಯಾರಿಗೋ ಮಾಡಿ ದಣಿದ ಮುಖ. ನಮ್ಮನ್ನು ನೋಡಿ ಏಳಲಿಲ್ಲ.

“ಏನ್ ಸ್ವಾಮಿ, ಮುಂದಿನ್ ಕಾರ್ಯ ಯಾವತ್ತು ಅಂತ ಕೇಳ್ಕಂಡ್ ಓಗಕ್ಕೆ ಬಂದ್ರಾ? ಒಳಗೆ ನಮ್ಮವ್ವ ಮಲಗವ್ಳೆ, ತೊಂಬತ್ತಾಗದೆ. ಅವ್ಳನ್ನೇ ಕೇಳಿ.”

ಚಿಕ್ಕಪ್ಪ ಜಗಲಿಯ ತುದಿಗೆ ಕೂತರು. “ನಂದೇ ತಪ್ಪು. ಸ್ವಿಚ್ ನಾನ್ ಆಕ್ದೆ.”

“ಯಾವ್ ಸ್ವಿಚ್ಚು?”

“ಕಂಪ್ಯೂಟ್ರಲ್ಲಿ. ಆಯುಧಪೂಜೆಗೆ ಆರ್ಸಿ, ಬೆಳಿಗ್ಗೆ ಎಲ್ಲಾನೂ ಆಕ್ದೆ.”

“ಕಂಪ್ಯೂಟ್ರಿಗೆ ಪೂಜೆ ಮಾಡಿದ್ರಾ?”

“ಮಾಡ್ದೆ.”

“ನಿಂಬೆಅಣ್ಣು ಇಟ್ಟಿದ್ರಾ?”

“ಇಟ್ಟಿದ್ದೆ.”

ಆತ ನಗಲಿಲ್ಲ, ಆದರೆ ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಾನು ಕಂಬದ ಪಕ್ಕ ನಿಂತಿದ್ದೆ. ಆ ಸಾಧನ ಮಾಡಿದವಳು ನಾನು, ಸಂದೇಶದ ಮಾತುಗಳನ್ನು ಹೀಗಿರಲಿ ಎಂದು ಹೇಳಿಕೊಟ್ಟವಳೂ ನಾನು ಎಂದೆ. ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

ಬಾಗಿಲ ಒಳಗಿನಿಂದ ಒಬ್ಬ ಹೆಂಗಸು ಬಂದು ಹೊಸ್ತಿಲ ಹಿಂದೆ ನಿಂತರು. ತೀರಿಕೊಂಡವರ ಹೆಂಡತಿ. ಕೈಯಲ್ಲಿ ಕೀಪ್ಯಾಡು ಸವೆದ ಫೋನಲ್ಲ, ದೊಡ್ಡ ಪರದೆಯದು, ಮೂಲೆ ಒಡೆದದ್ದು. ಅಂಗಡಿಯಲ್ಲಿ ಅವರ ಗಂಡನ ನಂಬರೇ ಇತ್ತು, ಹಿಂದೆ ಯಾವುದೋ ಸಮಾರಂಭಕ್ಕೆ ಕೊಟ್ಟದ್ದು. ಸಂದೇಶ ಬಂದದ್ದು ಆ ಫೋನಿಗೆ.

“ಅವ್ರು ಓದ್ ಮೇಲೆ ಇದು ಒಂದ್ ದಿನಾನೂ ಸದ್ದು ಮಾಡಿರ್ನಿಲ್ಲ ಕಣವ್ವ,” ಎಂದರು, ನನ್ನನ್ನೇ ನೋಡಿ. “ನಾನು ದಿನಾ ಚಾರ್ಜಿಗೆ ಆಕ್ತೀನಿ. ಬೆಳಿಗ್ಗೆ ಸದ್ದಾಯ್ತು. ಕೊಟ್ಟಿಗೇಲಿದ್ದೆ, ಸಗಣಿ ಕೈಲೇ ಓಡ್ ಬಂದೆ.”

ಅವರು ಫೋನಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು.

“ಇನ್ನೂ ಬತ್ತದಾ?”

“ಇಲ್ಲ,” ಎಂದೆ. “ಇವತ್ತೇ ಆ ನಂಬರ್ ತೆಗೆದುಬಿಡ್ತೀನಿ.”

“ತಗೀಬ್ಯಾಡ.” ಅವರು ಫೋನನ್ನು ಸೆರಗಿನಲ್ಲಿ ಒರೆಸಿದರು. “ನಿಮ್ಮಂಗ್ಡೀಲಿ ಅವ್ರೆಸ್ರು ಇದ್ರೆ ಇರ್ಲಿ. ಸುಮ್ನಿದ್ರೆ ಸಾಕು.”

ಆಗಲಿ ಎಂದು ತಲೆಯಾಡಿಸಿದೆ. ತೆಗೆಯುವುದು ಬೇರೆ, ಆರಿಸಿಡುವುದು ಬೇರೆ. ನನ್ನ ಸಾಧನದಲ್ಲೂ ಎರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ಹೇಳಲಿಲ್ಲ.

ಅವರು ಮೈದುನನ ಕಡೆ ತಿರುಗಿದರು. “ಪಾತ್ರೆ ಸಿಕ್ತಾ?”

“ಮುಡುಕುತೊರೇಲಿ ಕೇಳಿವ್ನಿ.”

“ಏನಂದ್ರು?”

“ಸಾಯಂಕಾಲ ಏಳ್ತೀನಿ ಅಂದವ್ರೆ.”

“ಏಳ್ದಿದ್ರೆ ನಾಳೆ ಜನಕ್ಕೆ ಏನ್ರಲ್ಲಿ ಬೇಯಿಸ್ತೀಯ, ನಿನ್ ಎಲ್ಮೆಟ್ನಲ್ಲಾ?”

ಮೈದುನ ಜಗಲಿಯ ಮೇಲಿದ್ದ ಹೆಲ್ಮೆಟನ್ನು ನೋಡಿದರು. “ನೋಡ್ತೀನಿ ಅತ್ಗೆ. ಬೆಳಿಗ್ಗೆ ಏಳ್ತೀನಿ ಇವ್ರಿಗೆ.” ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಚಿಕ್ಕಪ್ಪ ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ಏನೂ ಹೇಳದೆ ಎದ್ದರು. ನಾನೂ ಹಿಂದೆ ನಡೆದೆ.

ಸಾಯಂಕಾಲ ಮತ್ತಿಬ್ಬರು ಗಿರಾಕಿಗಳು ಬಂದು ನಾಳೆಗೆ ಕೊಪ್ಪರಿಗೆ ಇದೆಯೇ ಎಂದು ಕೇಳಿದರು. ಚಿಕ್ಕಪ್ಪ ಇಲ್ಲ ಎಂದರು. ಹಿತ್ತಲಿನಲ್ಲಿ ಅವು ಎದುರಿಗೇ ಕಾಣುತ್ತಿದ್ದವು. ಒಬ್ಬಾತ ಕತ್ತು ಚಾಚಿ, “ಅವೇನ್ ಮತ್ತೆ, ಹೊಲಕ್ ಮಡ್ಗಿರೋ ಬೆರ್ಚಪ್ಪಂಗಳಾ?” ಎಂದು ಕೇಳಿ ಹೋದ. ನಾನು ಕಂಪ್ಯೂಟರಿನ ಮುಂದೆ ಕೂತು, ಹೆಮ್ಮಿಗೆಯ ಹೆಸರನ್ನು ಹಾಗೇ ಬಿಟ್ಟು, ಅದಕ್ಕೆ ಏನೂ ಹೋಗದಂತೆ ಮಾಡಿದೆ. ನನ್ನ ಸಾಧನಕ್ಕೂ ಒಂದು ಬದಲಾವಣೆ ಬರೆದೆ. ಆರಿಸಿಟ್ಟ ಸಾಲಿನ ಪಕ್ಕದಲ್ಲಿ ಕಾರಣ ಬರೆಯುವ ಜಾಗ, ಮತ್ತೆ ಹಾಕುವ ಮೊದಲು ಆ ಕಾರಣ ಕಣ್ಣೆದುರು ಬಂದು ನಿಲ್ಲುವಂತೆ. ಆರನೆಯದಕ್ಕೆ ಕಾರಣ ಬರೆಯಹೋಗಿ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಬರೆದೆ, ಅಳಿಸಿದೆ, ಇನ್ನೊಂದು ಬರೆದೆ, ಅದನ್ನೂ ಅಳಿಸಿದೆ. ಕೊನೆಗೆ ಚಿಕ್ಕಪ್ಪನನ್ನು ಕೇಳಿದೆ.

“ಒಬ್ರ ಮನೆ ಒಳಗೆ ಓಗೋ ಕೆಲ್ಸ, ನನ್ ಕೇಳು ಅಂತ ಬರಿ,” ಎಂದರು. ಹಾಗೇ ಬರೆದೆ.

ಬೆಳಿಗ್ಗೆಯವರೆಗೂ ಫೋನು ಬರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಚಿಕ್ಕಪ್ಪ ಟೆಂಪೊಗೆ ತುಂಬಿಸತೊಡಗಿದ್ದರು: ಎರಡು ಕೊಪ್ಪರಿಗೆ, ದಬರಿಗಳು, ಸೌಟು, ಬಕೆಟ್ಟು, ಒಲೆ. ಕರೆಯದೆ ಹೋಗುವುದು ಸರಿಯೇ ಎಂದು ನಾನು ಕೇಳಲಿಲ್ಲ. ಮುಂದಿನ ಸೀಟಿನಲ್ಲಿ, ಸೌಟುಗಳ ಗೋಣಿಯನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತೆ.

ಮನೆಯ ಬಾಗಿಲಿಗೆ ಹೋಗಲಿಲ್ಲ. ಊರಿನ ಮುಂದೆ, ಹಾಲಿನ ಡೈರಿಯ ಪಕ್ಕದಲ್ಲಿ ಟೆಂಪೊ ನಿಲ್ಲಿಸಿ ಚಿಕ್ಕಪ್ಪ ಎಂಜಿನ್ ಆರಿಸಿದರು. ಕ್ಯಾನು ಹಿಡಿದು ಬಂದವರು ನಮ್ಮನ್ನೂ ಪಾತ್ರೆಗಳನ್ನೂ ನೋಡಿ ಒಳಗೆ ಹೋದರು. ಯಾರೂ ಏನೂ ಕೇಳಲಿಲ್ಲ, ಅಂದರೆ ಎಲ್ಲರಿಗೂ ಗೊತ್ತಾಗಿತ್ತು. ನಾನು ಇಳಿದು ನಿಂತೆ, ಹತ್ತಿದೆ, ಮತ್ತೆ ಇಳಿದೆ.

ಕೊನೆಗೆ ಬೈಕಿನಲ್ಲಿ ಆತ ಬಂದರು, ತೀರಿಕೊಂಡವರ ತಮ್ಮ. ಹಾಲಿನ ಕ್ಯಾನು ಹಿಂದಕ್ಕೆ ಕಟ್ಟಿತ್ತು. ಟೆಂಪೊ ದಾಟಿ ಹೋಗಿ, ನಿಲ್ಲಿಸಿ, ತಿರುಗಿ ನೋಡಿದರು.

“ಇಲ್ಯಾಕ್ ನಿಂತಿದೀರಿ?”

“ನೀವ್ ಏಳ್ಲಿ ಅಂತ,” ಎಂದರು ಚಿಕ್ಕಪ್ಪ.

“ಮುಡುಕುತೊರೆಯೋರು ಕೈಯೆತ್ತಿದ್ರು.” ಆತ ಬೈಕಿನ ಸ್ಟಾಂಡು ಹಾಕಲಿಲ್ಲ. “ಅತ್ಗೆ ಆಗ್ಲಿಂದ ದಾರಿ ನೋಡ್ತಾವ್ರೆ. ನಡೀರಿ, ಒತ್ತಾಗದೆ.”

ಅವರ ಮನೆಯ ಹಿತ್ತಲಿನಲ್ಲಿ ಇಟ್ಟಿಗೆಯ ಒಲೆ ಹೂಡಿದ್ದರು. ಇಳಿಸುವಾಗ ದೊಡ್ಡ ಕೊಪ್ಪರಿಗೆಯ ಒಂದು ಹಿಡಿಬಳೆ ಆತ ಹಿಡಿದರು, ಇನ್ನೊಂದು ಚಿಕ್ಕಪ್ಪ. ನನಗೆ ಹಿಡಿಯಲು ಏನೂ ಉಳಿಯಲಿಲ್ಲ. ಬಚ್ಚಲ ಪಕ್ಕದ ನೆರಳಿನಲ್ಲಿ ಹೆಂಗಸರು ಚಾಪೆ ಹಾಸಿ ಕೂತಿದ್ದರು. ಯಾರೋ ಸ್ವಲ್ಪ ಸರಿದು ಜಾಗ ಬಿಟ್ಟರು. ನಾನು ಕೂತೆ. ಮೊರದ ತುಂಬ ಬೆಳ್ಳುಳ್ಳಿ ಇತ್ತು. ಸುಲಿಯತೊಡಗಿದೆ.